ಬಣ್ಣದಲ್ಲಿ ಮುಖ ಕಟ್ಟುವುದು: ಆಚಾರ್ರ ಭಾವಚಿತ್ರದ ಕೆಲಸ

ಕಡು ಕಂದು ಮೈಬಣ್ಣದ ಮುಖವನ್ನು ದಪ್ಪ ಎಣ್ಣೆಬಣ್ಣದಲ್ಲಿ ಕಟ್ಟಲು ಹೊರಟರೆ ಮೊದಲು ಅಡ್ಡ ಬರುವುದು ಬಿಳಿ ಬಣ್ಣ. ಯುರೋಪಿನ ದಪ್ಪ ಬಣ್ಣದ ಭಾವಚಿತ್ರಗಳು ಹೆಚ್ಚುಕಮ್ಮಿ ಬಿಳಿಯ ಮೇಲೇ ನಿಂತಿವೆ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹಣೆ, ಮೂಗು, ತೋಳಿನ ಮೇಲೆ ಗಟ್ಟಿಯಾಗಿ ಮೆತ್ತಿದ್ದು ಸೀಸದ ಬಿಳಿ. 2019ರಲ್ಲಿ ವಿಜ್ಞಾನಿಗಳು ಅವನ ಮೂರು ಚಿತ್ರಗಳಿಂದ ಕಣದಷ್ಟು ಬಣ್ಣ ತೆಗೆದು ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ಅದರಲ್ಲಿ ಪ್ಲಂಬೊನಾಕ್ರೈಟ್ ಅನ್ನುವ ಅಪರೂಪದ ಸೀಸದ ಖನಿಜ ಸಿಕ್ಕಿತ್ತು. ಅಂದರೆ ಬಣ್ಣ ಮೆತ್ತಿದ ಕಡೆಯೇ ನಿಲ್ಲಲಿ ಅಂತ ಎಣ್ಣೆಗೆ ಸೀಸದ ಆಕ್ಸೈಡ್ ಸೇರಿಸಿಕೊಂಡಿದ್ದ ಅನ್ನುವುದು ಅವರ ಲೆಕ್ಕ. ಇಂಗ್ಲೆಂಡಿನ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ಕೂಡ ಕ್ರೆಮ್ನಿಟ್ಸ್ ವೈಟ್ ಅನ್ನುವ ಭಾರದ ಸೀಸದ ಬಿಳಿಯನ್ನೇ ನೆಚ್ಚಿಕೊಂಡಿದ್ದವನು. ಇವರಿಬ್ಬರೂ ಬರೆದದ್ದು ಬಹುಪಾಲು ಬಿಳಿ ಚರ್ಮ. ಬೆಳಕು ಬಿದ್ದ ಕಡೆ ಬಿಳಿ ಸೇರಿಸಿದರೆ ಬಣ್ಣಕ್ಕೆ ಮೈಯೂ (ಎತ್ತಿ ನಿಲ್ಲುವ ಗಟ್ಟಿತನ) ಬಂತು, ಬೆಳಕೂ ಬಂತು.

ನಮ್ಮ ಆಚಾರ್ರ ಮುಖಕ್ಕೆ ಅದೇ ದಾರಿ ಹಿಡಿದರೆ ಕೆಲಸ ಕೆಡುತ್ತದೆ. ಬಣ್ಣ ದಪ್ಪ ಆಗಲಿ ಅಂತ ಟೈಟೇನಿಯಂ ವೈಟ್ ಅನ್ನುವ ಈಗಿನ ಬಿಳಿ ಬಣ್ಣ ಸುರಿದರೆ ಕಂದು ಬೂದಿಯಾಗುತ್ತದೆ. ಕೆನ್ನೆಯ ಒಳಗಿನ ಕೆಂಪು, ಬಿಸಿಲಿಗೆ ಬೆಂದ ಹಣೆಯ ಕಾವು ಎರಡೂ ಹೋಗುತ್ತವೆ. ಬಿಳಿ ಬಿಟ್ಟು ಬರೀ ಕಂದು ಬಣ್ಣವನ್ನೇ ಟ್ಯೂಬಿನಿಂದ ದಪ್ಪವಾಗಿ ಹಾಕೋಣ ಅಂದರೆ ಮಣ್ಣಿನ ಬಣ್ಣಗಳಲ್ಲಿ ಎಣ್ಣೆ ಜಾಸ್ತಿ. ಮೇಲೆ ಬೇಗ ಪೊರೆ ಕಟ್ಟಿ ಒಳಗೆ ಹಸಿಯಾಗೇ ಉಳಿದು ಸುಕ್ಕು ಬೀಳುತ್ತದೆ. ಹಾಗಾದರೆ ಬಣ್ಣ ಬದಲಾಗದೆ ಬರೀ ಮೈ ಮಾತ್ರ ಬರಬೇಕು. ಅದಕ್ಕೆ ಏನು ಮಾಡಿದೆ, ಹೇಗೆ ಮಾಡಿದೆ ಅನ್ನುವುದೇ ಈ ಬರಹ.

ಆಚಾರ್ರು ಅಂದರೆ ಶಿವಮೊಗ್ಗದ ನಮ್ಮ ಬೀದಿಯ ಬಡಗಿ. ವಯಸ್ಸು ಅರವತ್ತು ದಾಟಿದೆ. ಅಗಲ ಕೆನ್ನೆಮೂಳೆ, ಕಣ್ಣಿನ ಕೆಳಗೆ ದಪ್ಪ ಚೀಲ, ಬಲಗಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಇಂಪಾಸ್ಟೊ, ಅಂದರೆ ದಪ್ಪ ಬಣ್ಣ ಮೆತ್ತುವ ಕೆಲಸಕ್ಕೆ ನನ್ನ ಹಲಗೆಗಳನ್ನು ಮಾಡಿಕೊಡುವವರೇ ಅವರು. ಈ ಸಲ ಅವರೇ ಕೂರಲು ಒಪ್ಪಿದರು.

ಹಲಗೆ ಮೊದಲು. ದಪ್ಪ ಬಣ್ಣಕ್ಕೆ ಚೌಕಟ್ಟಿಗೆ ಎಳೆದು ಕಟ್ಟಿದ ಕ್ಯಾನ್ವಾಸ್ ಬೇಡ. ಬಟ್ಟೆ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಒಣಗಿ ಗಡುಸಾದ ಬಣ್ಣ ಅದರ ಜೊತೆ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಮಲೆನಾಡಿನ ಅಂಚಿನಲ್ಲಿ ಇರುವ ನಮಗೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ 18x24 ಇಂಚಿನ, 12 ಮಿ.ಮೀ. ದಪ್ಪದ ವಾಟರ್‌ಪ್ರೂಫ್ ಪ್ಲೈವುಡ್ ತಗೊಂಡು, ಹಿಂದೆ ಸುತ್ತಲೂ ರೀಪರ್ ಹೊಡೆದು, ನಡುವೆ ಒಂದು ಅಡ್ಡಪಟ್ಟಿ ಕೊಟ್ಟೆವು. ಅಂಚುಗಳಿಗೂ, ಹಿಂಬದಿಗೂ ಪ್ರೈಮರ್ ಬಳಿಯಲೇಬೇಕು, ಇಲ್ಲದಿದ್ದರೆ ನೀರಿನ ಪಸೆ ಒಂದೇ ಕಡೆಯಿಂದ ಒಳಗೆ ಹೋಗಿ ಹಲಗೆ ಸೊಟ್ಟಗಾಗುತ್ತದೆ. ಮುಂಬದಿಗೆ ಒರಟು ಹತ್ತಿ ಕ್ಯಾನ್ವಾಸನ್ನು ಅಕ್ರಿಲಿಕ್ ಮೀಡಿಯಂ ಬಳಿದು ಅಂಟಿಸಿ, ಒಣಗಿದ ಮೇಲೆ ತೆಳುವಾಗಿ ಎರಡು ಮೂರು ಕೋಟ್ ಅಕ್ರಿಲಿಕ್ ಗೆಸ್ಸೊ (ಬಣ್ಣ ಕೂರಲು ಬಳಿಯುವ ಬಿಳಿ ಅಡಿಲೇಪ) ಹಾಕಿದೆ. ನುಣುಪು ಮಾಡಬಾರದು. ನೇಯ್ಗೆಯ ಹಲ್ಲು ಉಳಿದಿದ್ದರೇ ಭಾರದ ಬಣ್ಣ ಕಚ್ಚಿಕೊಳ್ಳುವುದು.

ಈಗ ಬಣ್ಣದ ಮೈ. ಇದಕ್ಕೆ ನಾನು ಬಳಸುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಹಾರ್ಡ್‌ವೇರ್ ಅಂಗಡಿಯ ಚಾಕ್ ಪೌಡರ್. ನೀರಿನಲ್ಲಿ ಕಲಸಿದರೆ ಸುಣ್ಣದಂತೆ ಬೆಳ್ಳಗಿರುವ ಈ ಪುಡಿ ಅಗಸೆ ಎಣ್ಣೆಗೆ ಬಿದ್ದ ಕೂಡಲೇ ಬೆಳ್ಳಗೆ ಉಳಿಯುವುದಿಲ್ಲ, ಮಂಕಾಗಿ ಅರೆಪಾರದರ್ಶಕ ಆಗುತ್ತದೆ. ಕಾರಣ ಇಷ್ಟೇ. ಬೆಳಕು ಬಾಗುವ ಸೂಚ್ಯಂಕ ಎಣ್ಣೆಗೆ ಸುಮಾರು 1.48, ಚಾಕ್‌ಗೆ ಸುಮಾರು 1.6. ಎರಡೂ ಹತ್ತಿರ ಹತ್ತಿರ ಇರುವುದರಿಂದ ಬೆಳಕು ಚದುರುವುದು ಕಮ್ಮಿ. ಟೈಟೇನಿಯಂ ವೈಟ್‌ಗೆ ಅದು 2.5ಕ್ಕೂ ಮೇಲೆ, ಹಾಗಾಗಿ ಅದು ಎಣ್ಣೆಯಲ್ಲೂ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಅಂದರೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಪುಗಂದು ಮಣ್ಣಿನ ಬಣ್ಣಕ್ಕೆ ಚಾಕ್ ಸೇರಿಸಿದರೆ ಅದು ಬರ್ನ್ಟ್ ಸಿಯೆನ್ನಾ ಆಗೇ ಉಳಿದು, ಕರಣೆಯಲ್ಲಿ ಎತ್ತಿ ನಿಲ್ಲಿಸುವಷ್ಟು ಗಟ್ಟಿ ಆಗುತ್ತದೆ. ನನಗೆ ಬೇಕಿದ್ದದ್ದು ಇದೇ!

ಅಂಗಡಿಯಲ್ಲಿ ಚಾಕ್ ಪೌಡರ್ ಅಂತ ಕೇಳಿದರೆ ಒಂದೊಂದು ಕಡೆ ಒಂದೊಂದು ಪುಡಿ ಕೊಡುತ್ತಾರೆ. ಟಾಲ್ಕ್ ಇರಬಹುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಇರಬಹುದು. ಮನೆಗೆ ತಂದು ಒಂದು ಚಮಚ ಪುಡಿಯ ಮೇಲೆ ನಿಂಬೆಹಣ್ಣು ಹಿಂಡಿ ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಬುಸುಬುಸು ನೊರೆ ಬರುತ್ತದೆ, ಟಾಲ್ಕ್ ಮತ್ತು ಪ್ಲಾಸ್ಟರ್ ಸುಮ್ನೆ ಒದ್ದೆಯಾಗಿ ಕೂರುತ್ತವೆ. ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕಲಸಬೇಕು. 100 ಗ್ರಾಂ ಪುಡಿಗೆ ಸುಮಾರು 15ರಿಂದ 18 ಗ್ರಾಂ ಎಣ್ಣೆ ಸಾಕು, ಪುಡಿ ನುಣ್ಣಗಿದ್ದರೆ ಇನ್ನೂ ಸ್ವಲ್ಪ ಬೇಡುತ್ತದೆ. ಮೊದಲು ಪುಡಿಪುಡಿಯಾಗೇ ಇರುತ್ತದೆ, ಇನ್ನಷ್ಟು ಎಣ್ಣೆ ಹಾಕೋಣ ಅನ್ನಿಸುತ್ತದೆ, ಹಾಕಬಾರದು. ಗಾಜಿನ ಮೇಲೆ ಕೈಯಲ್ಲಿ ಚೆನ್ನಾಗಿ ನಾದುತ್ತಾ ಹೋದರೆ ಒಂದು ಹಂತದಲ್ಲಿ ಒಟ್ಟಿಗೆ ಸೇರಿ ಒಬ್ಬಟ್ಟಿನ ಹೂರಣದ ಹದಕ್ಕೆ ಬರುತ್ತದೆ.

ನಾನು ನಾದುತ್ತಿದ್ದಾಗ ಆಚಾರ್ರು ಹಲಗೆ ಹೊತ್ತು ತಂದರು. ನೋಡಿದವರೇ ಒಂದು ಚೂರು ತೆಗೆದು ಬೆರಳಲ್ಲಿ ಉಜ್ಜಿದರು.

“ಏನಮ್ಮ, ಇದು ಕಿಟಕಿ ಗಾಜಿಗೆ ಹಾಕೋ ಪುಟ್ಟಿನೇ ಅಲ್ವಾ?”

“ಹೌದು ಆಚಾರ್ರೇ, ಅದೇ. ನಿಮ್ಮ ಕೆನ್ನೆಗೆ ಇದನ್ನೇ ಹಾಕೋದು.”

“ಹಂಗಾದ್ರೆ ಇನ್ನೂ ನಾದು. ಎಣ್ಣೆ ಬಿಡೋದು ಕೈಯಿಗೆ ಗೊತ್ತಾಗುತ್ತೆ.”

ಅವರು ಹೇಳಿದ್ದು ಸರಿ. ಕಿಟಕಿ ಪುಟ್ಟಿಯೂ ಇದೇ ಚಾಕ್, ಇದೇ ಅಗಸೆ ಎಣ್ಣೆ. ಒಂದೇ ವ್ಯತ್ಯಾಸ ಏನೆಂದರೆ ಬಡಗಿಗಳು ಬಳಸುವುದು ಡಬಲ್ ಬಾಯ್ಲ್ಡ್ ಎಣ್ಣೆ, ಅದರಲ್ಲಿ ಬೇಗ ಒಣಗಲು ಡ್ರೈಯರ್ ಇರುತ್ತದೆ, ಕಾಲ ಕಳೆದಂತೆ ಅದು ಜಾಸ್ತಿ ಕಪ್ಪಾಗುತ್ತದೆ. ಚಿತ್ರಕ್ಕೆ ಕಲಾವಿದರ ಅಂಗಡಿಯ ಶುದ್ಧ ಮಾಡಿದ ಅಗಸೆ ಎಣ್ಣೆಯೇ ಬೇಕು.

ಮುಖಕ್ಕೆ ಕೈ ಹಾಕುವ ಮೊದಲು ಒಂದು ಉಳಿಕೆ ಪ್ಲೈ ಪಟ್ಟಿಯ ಮೇಲೆ ಪರೀಕ್ಷೆ ಇಟ್ಟೆ. ಒಂದು ಸಾಲು ಟ್ಯೂಬಿನ ಬಣ್ಣ ಹಾಗೇ, ಇನ್ನೊಂದು ಸಾಲು ಎರಡು ಪಾಲು ಬಣ್ಣಕ್ಕೆ ಒಂದು ಪಾಲು ಪುಟ್ಟಿ, ಮೂರನೆಯದು ಬಣ್ಣ ಮತ್ತು ಪುಟ್ಟಿ ಸಮಸಮ. ಪ್ರತಿ ಸಾಲಿನಲ್ಲೂ 2, 4, 8 ಮಿ.ಮೀ. ದಪ್ಪದ ಗುಪ್ಪೆಗಳು. ಕೆಲವು ವಾರ ಬಿಟ್ಟು ಗುಂಡುಸೂಜಿ ಚುಚ್ಚಿ ನೋಡಿದೆ. ಟ್ಯೂಬಿನ ಬಣ್ಣದ 8 ಮಿ.ಮೀ. ಗುಪ್ಪೆ ಮೇಲೆ ಪೂರ್ತಿ ಸುಕ್ಕು, ಸೂಜಿ ಒಳಗೆ ಸಲೀಸಾಗಿ ಹೋಯಿತು. ಸಮಸಮ ಬೆರೆಸಿದ್ದು ಸುಕ್ಕಿಲ್ಲದೆ ಚೂಪು ಅಂಚು ಹಾಗೇ ಉಳಿಸಿಕೊಂಡಿತ್ತು, ಆದರೆ ಮೇಲೆ ಸ್ವಲ್ಪ ಮಂಕು. ಎರಡಕ್ಕೆ ಒಂದು ಹದವೇ ನನಗೆ ಹಿಡಿಸಿತು. ಎಣ್ಣೆ ಬಣ್ಣ ನೀರಿನ ಬಣ್ಣದಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಗಾಳಿ ತಾಗುವುದು ಮೇಲಿನಿಂದ ಮಾತ್ರ. ಹಾಗಾಗಿ ದಪ್ಪ ಎರಡು ಪಟ್ಟಾದರೆ ಕಾಯುವುದು ಎರಡು ಪಟ್ಟಿಗಿಂತ ಎಷ್ಟೋ ಜಾಸ್ತಿ. 3 ಮಿ.ಮೀ. ಮೇಲೆ ಒಂದೇ ಸಲ ಹಾಕಬಾರದು, ಎತ್ತರ ಬೇಕಾದ ಕಡೆ ಪದರ ಪದರವಾಗಿ ಏರಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಅತಿ ಎತ್ತರ ಮೂಗಿನ ತುದಿ ಮತ್ತು ಎಡ ಹುಬ್ಬಿನ ಮೂಳೆ, ಅಲ್ಲಿ ಸುಮಾರು 8 ಮಿ.ಮೀ.

ಬಣ್ಣ ಎಷ್ಟು ಬೇಕಾಗುತ್ತದೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಈ ಹಲಗೆಯಲ್ಲಿ ಮುಖದ ಅಗಲ 25 ಸೆಂ.ಮೀ., ಉದ್ದ 32. ಮೊಟ್ಟೆಯಾಕಾರದ ವಿಸ್ತೀರ್ಣ ಸುಮಾರು 630 ಚದರ ಸೆಂ.ಮೀ. ಸರಾಸರಿ 4 ಮಿ.ಮೀ. ದಪ್ಪ ಅಂದರೂ 250 ಮಿ.ಲೀ., ಅಂದರೆ ಪುಟ್ಟಿ ಸೇರಿಸದಿದ್ದರೆ ಬರೀ ಮುಖಕ್ಕೇ 40 ಮಿ.ಲೀ.ನ ಆರು ಟ್ಯೂಬಿನ ಮೇಲೆ. ಕೆರೆದು ಬಿಸಾಡುವುದು ಬೇರೆ. ಕ್ಯಾಡ್ಮಿಯಂ ಬಣ್ಣಗಳಲ್ಲಿ ಇದನ್ನು ಮಾಡಿದರೆ ಜೇಬು ಖಾಲಿ. ಚಿತ್ರಕಾರ ಫ್ರಾಂಕ್ ಔರ್ಬಾಕ್ 1950ರ ದಶಕದಲ್ಲಿ ಲಂಡನ್ನಿನಲ್ಲಿ ಬರೆದ ತಲೆಗಳೆಲ್ಲ ಮಣ್ಣಿನ ಬಣ್ಣ, ಕಪ್ಪು, ಬಿಳಿಯಲ್ಲೇ ಇರುವುದಕ್ಕೆ ಇದೂ ಒಂದು ಕಾರಣ, ಅವರಿಗೆ ಆಗ ಕೈಗೆಟುಕುತ್ತಿದ್ದದ್ದು ಅಷ್ಟೇ. 1931ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, 1939ರಲ್ಲಿ ಒಬ್ಬಂಟಿ ಹುಡುಗನಾಗಿ ಇಂಗ್ಲೆಂಡಿಗೆ ಬಂದು, ತಂದೆತಾಯಿಯನ್ನು ನಾತ್ಸಿಗಳಿಂದ ಕಳೆದುಕೊಂಡವರು. 1954ರಿಂದ ಕ್ಯಾಮ್ಡೆನ್‌ನ ಒಂದೇ ಸ್ಟುಡಿಯೊದಲ್ಲಿ ಕೆಲಸ ಮಾಡಿ 2024ರಲ್ಲಿ ತೀರಿಕೊಂಡರು. ಅವರ ಕೆಲಸವನ್ನು ನಾನು ಫೋಟೊಗಳಲ್ಲಿ ಮಾತ್ರ ನೋಡಿದ್ದು, ಆದರೂ ದಪ್ಪ ಬಣ್ಣದ ವಿಷಯದಲ್ಲಿ ಅವರಷ್ಟು ಧೈರ್ಯ ಕೊಟ್ಟವರು ನನಗೆ ಬೇರೆ ಯಾರೂ ಇಲ್ಲ. ನನ್ನ ತಟ್ಟೆಯೂ ಅದೇ ಜಾಡಿನದು. ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ, ಇಂಡಿಯನ್ ರೆಡ್, ರಾ ಅಂಬರ್, ಅಲ್ಟ್ರಾಮರೀನ್, ಸ್ವಲ್ಪ ಟೈಟೇನಿಯಂ ವೈಟ್. ಪೆನ್ಸಿಲ್ಲಿಗೆ ಮಾತ್ರ ಕ್ಯಾಡ್ಮಿಯಂ ರೆಡ್.

ಬೆಳಕು ಎಲ್ಲಿಂದ ಬರಬೇಕು ಅನ್ನುವುದಕ್ಕೆ ನಾನು ತಲೆ ಕೆಡಿಸಿಕೊಂಡಷ್ಟು ಬೇರೆ ಯಾವುದಕ್ಕೂ ಕೆಡಿಸಿಕೊಂಡಿಲ್ಲ. ದಪ್ಪ ಬಣ್ಣದಲ್ಲಿ ಎರಡು ಬೆಳಕುಗಳಿವೆ. ಒಂದು ನಾವು ಬಣ್ಣದಲ್ಲಿ ಬರೆಯುವ ಬೆಳಕು, ಇನ್ನೊಂದು ಕೋಣೆಯ ನಿಜವಾದ ಬೆಳಕು ಬಣ್ಣದ ಉಬ್ಬುಗಳ ಮೇಲೆ ಬಿದ್ದು ನಿಜವಾದ ನೆರಳು ಹಾಕುವುದು. ಎರಡೂ ಒಂದೇ ಕಡೆಯಿಂದ ಬಂದರೆ ಮುಖ ಎದ್ದು ಬರುತ್ತದೆ, ಎದುರುಬದುರಾದರೆ ಮುಖ ಒಡೆದು ಹೋಗುತ್ತದೆ. ಉಬ್ಬಿಸುವ ಕೆಲಸ ನಮ್ಮ ಕಡೆಯ ಚಿತ್ರಕ್ಕೇನೂ ಹೊಸದಲ್ಲ. ಮೈಸೂರು ಶೈಲಿಯಲ್ಲಿ ಒಡವೆ, ಸೆರಗಿನ ಅಂಚುಗಳನ್ನು ಗೆಸ್ಸೊ ಲೇಪದಲ್ಲಿ ತೆಳುವಾಗಿ ಉಬ್ಬಿಸಿ ಚಿನ್ನದ ರೇಕು ಹಾಕುತ್ತಾರೆ, ಮುಖ ಮಾತ್ರ ಸಪಾಟಾಗಿ ಬಿಡುತ್ತಾರೆ. ಮುಖವನ್ನೇ ಉಬ್ಬಿಸುವುದು ಹೇಗೆ ಅಂತ ನನಗೆ ಕಲಿಸಿದ್ದು ಕೆ. ವೆಂಕಟಪ್ಪನವರ ಪ್ಲಾಸ್ಟರ್ ಉಬ್ಬುಶಿಲ್ಪಗಳು. ಅವರು (1886–1965) ಜಲವರ್ಣದಲ್ಲಿ ಎಷ್ಟು ನಯವೋ ಪ್ಲಾಸ್ಟರಿನಲ್ಲೂ ಅಷ್ಟೇ ನಯ. ಆಳ ತೀರಾ ಕಮ್ಮಿ ಇದ್ದರೂ ಪಕ್ಕದಿಂದ ಬೆಳಕು ಬಿದ್ದರೆ ಕೆನ್ನೆ ದುಂಡಗೆ ಕಾಣುತ್ತದೆ. ಅಂದರೆ ಎತ್ತರಕ್ಕಿಂತ ಇಳಿಜಾರು ಮುಖ್ಯ. ಆಚಾರ್ರನ್ನು ಎಡಗಡೆ ಕಿಟಕಿಯ ಪಕ್ಕ ಕೂರಿಸಿದೆ, ಹಲಗೆಯೂ ಅದೇ ಕಿಟಕಿಯಿಂದ ಎಡಬೆಳಕು ಬೀಳುವ ಹಾಗೆ ನಿಂತಿತು. ಚಿತ್ರವನ್ನು ಮುಂದೆ ತೂಗುಹಾಕುವ ಗೋಡೆಯೂ ಎಡಬೆಳಕಿನದೇ.

ಮೊದಲ ಪದರ ತೆಳು. ರಾ ಅಂಬರ್‌ಗೆ ಸ್ವಲ್ಪ ಟರ್ಪಂಟೈನ್ ಸೇರಿಸಿ ನೆರಳುಗಳನ್ನಷ್ಟೇ ಇಟ್ಟೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಬೇಗ ಒಣಗಿಸುತ್ತದೆ, ಅಡಿಗೆ ಒಳ್ಳೆಯದು. ಐವರಿ ಬ್ಲ್ಯಾಕ್ ಅಡಿಯಲ್ಲಿ ಇಡಬೇಡಿ, ಅದು ಒಣಗುವುದು ಬಹಳ ನಿಧಾನ. ನೆರಳಿನ ಭಾಗ ಕೊನೆಯವರೆಗೂ ತೆಳುವಾಗೇ ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಕಡೆ ಒಂದೇ ದಪ್ಪ ಮೆತ್ತಿದ ಚಿತ್ರಗಳು ಈಗ ಬಹಳ ಕಾಣುತ್ತವೆ, ಅಲ್ಲಿ ಬಣ್ಣ ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ದಪ್ಪ ಎಲ್ಲಿ ಅನ್ನುವುದನ್ನು ಮೂಳೆ ಹೇಳಬೇಕು.

ಎರಡನೆಯದರಿಂದ ಪುಟ್ಟಿ ಬೆರೆಸಿದ ಬಣ್ಣ ಶುರು. ಒಂದು ಬೈಠಕ್ಕಿನಲ್ಲಿ ಇಡೀ ಮುಖ ಕಟ್ಟುತ್ತಿದ್ದೆ, ಸಂಜೆ ಹೊತ್ತಿಗೆ ಬಣ್ಣ ಹಸಿ ಇರುವಾಗಲೇ ಪುಟ್ಟಿ ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಿದ್ದೆ. ಮೊದಲ ಸಲ ಕೆರೆದಾಗ ಆಚಾರ್ರು ಎದ್ದು ಬಂದು “ಅಯ್ಯೋ, ಚೆನ್ನಾಗಿತ್ತಲ್ಲಮ್ಮ” ಅಂದರು. ಚೆನ್ನಾಗೇ ಇತ್ತು. ಆದರೆ ಕೆರೆದ ಮೇಲೆ ನೇಯ್ಗೆಯ ಸಂದಿಯಲ್ಲಿ ಉಳಿಯುವ ಕಲೆ ಇದೆಯಲ್ಲ, ಅದು ಮುಂದಿನ ಸಲಕ್ಕೆ ಸಿಗುವ ಅತ್ಯುತ್ತಮ ನಕ್ಷೆ. ಔರ್ಬಾಕ್ ಮೊದಮೊದಲು ಬಣ್ಣದ ಮೇಲೆ ಬಣ್ಣ ಪೇರಿಸುತ್ತಲೇ ಹೋದವರು, ಆಮೇಲೆ 60ರ ದಶಕದಿಂದ ಕೆರೆದು ಹೊಸದಾಗಿ ಶುರು ಮಾಡುವ ಅಭ್ಯಾಸಕ್ಕೆ ಬಂದರು. ಎಸ್ಟೆಲ್ಲಾ ವೆಸ್ಟ್ ಅನ್ನುವ ಒಬ್ಬರೇ ಅವರಿಗಾಗಿ ವರ್ಷಗಟ್ಟಲೆ ಕೂತಿದ್ದರು. ಒಂದೇ ಮುಖವನ್ನು ಅಷ್ಟು ಕಾಲ ನೋಡಿದರೆ ಕೈಯಿಗೆ ಮುಖ ಬಾಯಿಪಾಠ ಆಗುತ್ತದೆ, ಆಮೇಲೆ ಕೊನೆಯ ಬಣ್ಣ ವೇಗವಾಗಿ ಬರುತ್ತದೆ. ಕೆರೆದ ಬಣ್ಣವನ್ನೆಲ್ಲ ಒಟ್ಟುಗೂಡಿಸಿದರೆ ಒಳ್ಳೆಯ ಕಂದು ಬೂದು ಸಿಗುತ್ತದೆ. ಹಿನ್ನೆಲೆಗೆ ಅದನ್ನೇ ಬಳಿದೆ.

ಒರೆಸಿದ ಬಟ್ಟೆಗಳ ಬಗ್ಗೆ ಒಂದು ಮಾತು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಕ್ಕೆ ಹಾಕಿ ಮುಚ್ಚಿ.

ಉಳಿಯುವ ಪದರದ ಕೆಲಸ ಹೀಗೆ ನಡೆಯಿತು. ಎಡಗಣ್ಣಿನ ಕೆಳಗಿನ ಚೀಲ ಒಂದನ್ನೇ ಹೇಳುತ್ತೇನೆ, ಉಳಿದದ್ದೆಲ್ಲ ಇದೇ ರೀತಿ. ಚೀಲದ ಮೇಲ್ಭಾಗ ಬೆಳಕಿಗೆ ತೆರೆದಿದೆ, ಕೆಳಗೆ ನೆರಳಿನ ಗೆರೆ ಇದೆ. ಬರ್ನ್ಟ್ ಸಿಯೆನ್ನಾ, ಓಕರ್, ಚೂರು ಇಂಡಿಯನ್ ರೆಡ್ ಸೇರಿಸಿ, ಪುಟ್ಟಿ ಹಾಕಿ, ಪೂರ್ತಿ ಕಲಸದೆ ಎಳೆ ಎಳೆಯಾಗಿ ಬಿಟ್ಟೆ. ಎಲೆಯಾಕಾರದ ಸಣ್ಣ ಪ್ಯಾಲೆಟ್ ಚಾಕುವಿನ ಅಡಿಭಾಗಕ್ಕೆ ಬಣ್ಣ ತುಂಬಿಕೊಂಡು, ಮೂಗಿನ ಪಕ್ಕದಿಂದ ಕೆನ್ನೆಯ ಕಡೆಗೆ ಎಳೆದೆ. ಮೊದಲು ಒತ್ತಿ, ನಡುವೆ ಹಗುರಾಗಿ, ಕೊನೆಯಲ್ಲಿ ಚಾಕುವನ್ನು ತಿರುಗಿಸಿ ಎತ್ತಿದೆ. ಒತ್ತಿದ ಕಡೆ ಬಣ್ಣ ತೆಳುವಾಗಿ ಚರ್ಮ ಬಿಗಿಯಾಯಿತು, ಹಗುರಾದ ಕಡೆ ತಾನೇ ಉಬ್ಬಿ ಚೀಲ ಆಯಿತು, ಚಾಕುವಿನ ಕೆಳಅಂಚಿನಲ್ಲಿ ಹೊರಬಿದ್ದ ಬಣ್ಣದ ಏಣು ತನ್ನ ನೆರಳನ್ನು ತಾನೇ ಹಾಕಿತು. ಆ ನೆರಳಿಗೆ ನಾನು ಕಪ್ಪು ಇಡಲೇ ಇಲ್ಲ, ಕಿಟಕಿಯ ಬೆಳಕೇ ಅದನ್ನು ಬರೆಯಿತು. ದಪ್ಪ ಬಣ್ಣದ ಸುಖ ಇರುವುದು ಇಲ್ಲಿ.

ಹೊಳಪಿನ ಬಿಂದುಗಳಲ್ಲಿ ಮಾತ್ರ ಬಿಳಿ ಬಂತು. ಕಡು ಚರ್ಮದ ಮೇಲೆ ಕಿಟಕಿಯ ಹೊಳಪು ಹಳದಿಯಲ್ಲ, ಆಕಾಶದ ತಣ್ಣನೆಯ ನೀಲಿ. ಟೈಟೇನಿಯಂಗೆ ಸೂಜಿಮೊನೆಯಷ್ಟು ಅಲ್ಟ್ರಾಮರೀನ್ ಸೇರಿಸಿ ಹಣೆಯ ಎಡಬದಿ, ಮೂಗಿನ ತುದಿ, ಕೆಳತುಟಿಗೆ ಒಂದೊಂದು ಗುಪ್ಪೆ. ಸುತ್ತಲಿನ ಕಂದು ಬಿಸಿಯಾಗೇ ಉಳಿದಿದ್ದರಿಂದ ಈ ಚೂರು ತಂಪು ಬಿಳಿ ಇಡೀ ಮುಖಕ್ಕೆ ಬೆವರಿನ ಮಿಂಚು ಕೊಟ್ಟಿತು. ಹುಬ್ಬಿನ ನರೆಗೂದಲನ್ನು ಹಸಿ ಬಣ್ಣದಲ್ಲಿ ಕುಂಚದ ಹಿಂತುದಿಯಿಂದ ಗೀಚಿದೆ. ಪೆನ್ಸಿಲ್ ಕೊನೆಗೆ. ಕ್ಯಾಡ್ಮಿಯಂ ರೆಡ್, ಉದ್ದ ಚಾಕುವಿನ ಅಂಚಿನಲ್ಲಿ ಒಂದೇ ಎಳೆತ, ಕಿವಿಯ ಮೇಲಿಂದ ಕೆನ್ನೆಯ ಗಡಿವರೆಗೆ. ತಿದ್ದುವ ಹಾಗಿಲ್ಲ, ತಿದ್ದಿದರೆ ಪೆನ್ಸಿಲ್ ಆಗಿ ಉಳಿಯುವುದಿಲ್ಲ.

ಒಣಗಿಸುವುದೇ ದೊಡ್ಡ ಕೆಲಸ. ಮೊದಲ ಕೆಲವು ದಿನ ಹಲಗೆಯನ್ನು ಮಲಗಿಸಿಯೇ ಇಡಬೇಕು, ನಿಲ್ಲಿಸಿದರೆ ಮೂಗು ಮೆಲ್ಲಗೆ ತುಟಿಯ ಕಡೆ ಜಾರುತ್ತದೆ. ಕೋಣೆಗೆ ಗಾಳಿ ಬೇಕು, ಬೆಳಕೂ ಬೇಕು. ಕತ್ತಲಲ್ಲಿ ಒಣಗಿದ ಅಗಸೆ ಎಣ್ಣೆ ಹಳದಿಯಾಗುತ್ತದೆ, ಬೆಳಕಿಗೆ ತಂದರೆ ಬಹಳ ಮಟ್ಟಿಗೆ ತಿಳಿಯಾಗುತ್ತದೆ ಅನ್ನಿ, ಆದರೂ ಮಂಚದ ಕೆಳಗೆ ತಳ್ಳಬೇಡಿ. ಹಾಗಂತ ಬಿಸಿಲಿಗೆ ಇಡುವುದೂ ಬೇಡ, ಮೇಲಿನ ಪೊರೆ ಮಾತ್ರ ಬೇಗ ಬಿಗಿದುಕೊಳ್ಳುತ್ತದೆ. ನಡುವೆ ಮಳೆ ಹಿಡಿದುಕೊಂಡಿತು. ಥಂಡಿಗೆ ಒಣಗುವುದು ನಿಧಾನವಾಯಿತು, ಹಲಗೆಯ ಹಿಂದೆ ಬೂಷ್ಟು ಬರದಿರಲಿ ಅಂತ ನಾಲ್ಕು ಮೂಲೆಗೆ ಮರದ ತುಂಡು ಕೊಟ್ಟು ಎತ್ತಿ ಇಟ್ಟೆ, ಫ್ಯಾನು ಸಣ್ಣಗೆ ತಿರುಗುತ್ತಾ ಇತ್ತು. ಧೂಳು, ನೊಣ ಕೂರದಂತೆ ಮೇಲೆ ಹಳೆಯ ಸೊಳ್ಳೆಪರದೆಯನ್ನು ಕೋಲುಗಳ ಮೇಲೆ ಹರಡಿದೆ.

ಫೋಟೊ ತೆಗೆಯುವಾಗ ಫ್ಲ್ಯಾಶ್ ಹಾಕಲೇಬೇಡಿ, ಎದುರಿನ ಬೆಳಕಿಗೆ ಎಲ್ಲ ಉಬ್ಬೂ ಚಪ್ಪಟೆ. ಒಂದು ಬದಿಯಿಂದ, ಹಲಗೆಗೆ ಓರೆಯಾಗಿ ಬೆಳಕು ಕೊಡಿ.

ಫ್ರೇಮನ್ನು ಆಚಾರ್ರೇ ಮಾಡಿದರು, ಹಳೆಯ ಬಾಗಿಲಿನ ತೇಗದಲ್ಲಿ. ಅದರ ಅಂಚು ಬಣ್ಣದ ಅತಿ ಎತ್ತರದ ಭಾಗಕ್ಕಿಂತ ಮುಂದೆ ಬರುವಂತೆ ಆಳ ಕೊಟ್ಟರು, ಗೋಡೆಗೆ ಒರಗಿಸಿದರೂ ಮೂಗು ಏನಕ್ಕೂ ತಾಗುವುದಿಲ್ಲ. ಹಲಗೆ, ಬಣ್ಣ, ಫ್ರೇಮ್ ಸೇರಿ ನಾಲ್ಕೈದು ಕಿಲೊ ಆಗುತ್ತದೆ, ಹಾಗಾಗಿ ಮೊಳೆ ಸಾಲದು, ಗೋಡೆಗೆ ಪ್ಲಗ್ ಹಾಕಿ ಎರಡು ಸ್ಕ್ರೂ ಬಿಗಿಯಬೇಕು. ಮುಗಿದ ಚಿತ್ರವನ್ನು ಆಚಾರ್ರು ತೀರ ಹತ್ತಿರ ಹೋಗಿ ಬರೀ ಬಣ್ಣದ ಗುಪ್ಪೆಗಳನ್ನು ನೋಡಿದರು, ಆಮೇಲೆ ಹಿಂದೆ ಸರಿದರು. “ದೂರದಿಂದ ನಾನು, ಹತ್ರದಿಂದ ಪುಟ್ಟಿ” ಅಂದರು. ನನ್ನ ಕೆಲಸದ ಬಗ್ಗೆ ಇಷ್ಟು ಸರಿಯಾಗಿ ಬೇರೆ ಯಾರೂ ಹೇಳಿಲ್ಲ.

ವಾರ್ನಿಶ್ ಈಗಲೇ ಇಲ್ಲ. ತೆಳು ಚಿತ್ರಕ್ಕೇ ಆರು ತಿಂಗಳಿಂದ ವರ್ಷ ಕಾಯಬೇಕು, ಇದಕ್ಕೆ ಇನ್ನೂ ಜಾಸ್ತಿ. ಮೂಗಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ಒತ್ತಿದರೆ ಈಗಲೂ ಸ್ವಲ್ಪ ಮಿದುವಾಗೇ ಇದೆ. ಒತ್ತಿದಾಗ ಗುರುತು ಬೀಳದಂತಾದ ಮೇಲೆ ಮುಂದಿನ ಯೋಚನೆ. ಆಗಲೂ ಮಂಕು ವಾರ್ನಿಶ್ಶೇ ಸರಿ ಅನ್ನಿಸುತ್ತದೆ, ಹೊಳೆಯುವ ವಾರ್ನಿಶ್ ಹಾಕಿದರೆ ಒಂದೊಂದು ಏಣೂ ಕಿಟಕಿಯನ್ನು ತೋರಿಸುತ್ತಾ ಕೂರುತ್ತದೆ. ಅಲ್ಲಿಯವರೆಗೆ ಧೂಳು ತೆಗೆಯಲು ಮೆದುವಾದ ಒಣ ಕುಂಚ ಮಾತ್ರ. ಬಟ್ಟೆಯಲ್ಲಿ ಒರೆಸಿದರೆ ಅದರ ಎಳೆ ಚೂಪು ತುದಿಗಳಿಗೆ ಸಿಕ್ಕಿಕೊಂಡು ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ.